ಪಾರ್ಕಿನ್ಸನ್ ಮಾತ್ರೆ: ವೃದ್ಧರ ಬುದ್ಧಿ, ವೃದ್ಧರ ಊಟ

ಪಾರ್ಕಿನ್ಸನ್ ಕಾಯಿಲೆಯ ಮಾತ್ರೆಗಳು ಮೂಲತಃ ಚಲನೆಗಾಗಿ ಬಂದವು. ನಡುಗುವ ಕೈ, ಬಿಗಿದ ತೋಳು, ನೆಲಕ್ಕಂಟಿದ ಹೆಜ್ಜೆಗಳನ್ನು ಸಡಿಲಗೊಳಿಸುವುದು ಅವುಗಳ ಕೆಲಸ. ಆದರೆ ನುಂಗಿದ ಔಷಧ ಕೈಕಾಲುಗಳನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ಹೊಟ್ಟೆ, ಕರುಳು, ರಕ್ತವನ್ನು ಹಾದು ಮಿದುಳಿಗೆ ಹೋಗುವ ದಾರಿಯಲ್ಲಿ ಅದು ಹಸಿವು, ಜೀರ್ಣ, ರಕ್ತದೊತ್ತಡ, ಜೀವಸತ್ವಗಳ ಮಟ್ಟವನ್ನೆಲ್ಲ ಅಷ್ಟಿಷ್ಟು ಏರುಪೇರು ಮಾಡುತ್ತದೆ. ಮಿದುಳನ್ನು ಸೇರಿದ ಮೇಲೂ ಚಲನೆಯ ಕೇಂದ್ರಗಳ ಜೊತೆಗೆ ಗಮನ, ನೆನಪು, ತೀರ್ಮಾನ, ಆಸೆಗಳ ಕೇಂದ್ರಗಳನ್ನು ಮುಟ್ಟುತ್ತದೆ.

ವಯಸ್ಸಾದವರಲ್ಲಿ ಇದರ ಪರಿಣಾಮ ಹೆಚ್ಚು. ಮೂತ್ರಪಿಂಡಗಳ ವೇಗ ತಗ್ಗಿರುವುದರಿಂದ ಪ್ರಮಿಪೆಕ್ಸೋಲ್, ಅಮಾಂಟಡಿನ್‌ನಂಥ ಔಷಧಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಬಿಪಿ, ಸಕ್ಕರೆ ಕಾಯಿಲೆ, ಗ್ಯಾಸ್ಟ್ರಿಕ್, ನಿದ್ದೆಗೆಂದು ಬೇರೆ ಮಾತ್ರೆಗಳೂ ಸೇರಿರುತ್ತವೆ. ಊಟ ಮೊದಲೇ ಕಡಿಮೆಯಾಗಿರುತ್ತದೆ. ಹಾಗಾಗಿ ವಯಸ್ಸಾಯಿತು ಎಂದೋ, ಕಾಯಿಲೆ ಬಲಿಯಿತು ಎಂದೋ ಮನೆಯವರು ಸುಮ್ಮನಾಗಿಬಿಡುವ ಎಷ್ಟೋ ತೊಂದರೆಗಳ ಮೂಲ ಮಾತ್ರೆಯ ಡಬ್ಬಿಯಲ್ಲಿರುತ್ತದೆ. ಮೂಲ ಗೊತ್ತಾದರೆ ಅವುಗಳಲ್ಲಿ ಅನೇಕವನ್ನು ಸರಿಪಡಿಸಬಹುದು.

ಕೊರತೆ ಮತ್ತು ಭರ್ತಿ

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನ ರೋಗಿಗಳನ್ನು ಆಧರಿಸಿ ಈ ಕಾಯಿಲೆಯ ಕುರಿತು ಪುಟ್ಟ ಪುಸ್ತಕವೊಂದನ್ನು ಪ್ರಕಟಿಸಿದ. ಇಂದ್ರಿಯಗಳಿಗೂ ಬುದ್ಧಿಗೂ ಇದರಿಂದ ಧಕ್ಕೆಯಿಲ್ಲ ಎಂದು ಅವನು ಅದರಲ್ಲಿ ಬರೆದಿದ್ದ. ಆ ಮಾತು ನಿಲ್ಲಲಿಲ್ಲ. ಕಾಯಿಲೆಗೆ ಪಾರ್ಕಿನ್ಸನ್ನನ ಹೆಸರನ್ನೇ ಇಟ್ಟ ಫ್ರೆಂಚ್ ನರತಜ್ಞ ಜೀನ್-ಮಾರ್ಟಿನ್ ಶಾರ್ಕೋ, ರೋಗಿಗಳ ಬುದ್ಧಿಯೂ ಮಸುಕಾಗುವುದನ್ನು ಗುರುತಿಸಿದ. ಈ ರೋಗ ಮಿದುಳಿನ ಚಲನೆಯ ಭಾಗಕ್ಕೆ ಸೀಮಿತವಲ್ಲ ಎಂಬುದು ಈಗ ಸ್ಪಷ್ಟ.

ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಸಬ್‌ಸ್ಟಾನ್ಶಿಯಾ ನೈಗ್ರಾ ಎಂಬ ಕಪ್ಪು ಪಟ್ಟಿಯಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸಿ, ಸ್ಟ್ರಯೇಟಮ್ ಎಂಬ ಆಳದ ಭಾಗಕ್ಕೆ ಒದಗಿಸುತ್ತವೆ. ಈ ಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವುದೇ ಪಾರ್ಕಿನ್ಸನ್ ಕಾಯಿಲೆಯ ತಿರುಳು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ರಿಸರ್ಪಿನ್ ಕೊಟ್ಟು ಅವು ಅಲುಗಾಡದಂತೆ ಮಾಡಿದರು. ರಿಸರ್ಪಿನ್ ನಮ್ಮ ಸರ್ಪಗಂಧಿಯ ಬೇರಿನಿಂದ ಬಂದ ವಸ್ತು. ಮರಗಟ್ಟಿ ಕುಳಿತಿದ್ದ ಮೊಲಗಳಿಗೆ ಲೆವೊಡೋಪಾ ಚುಚ್ಚಿದಾಗ ಅವು ಎದ್ದು ಓಡಾಡಿದವು. 1960ರಲ್ಲಿ ಓಲೆ ಹಾರ್ನಿಕೀವಿಚ್, ತೀರಿಕೊಂಡ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಡೋಪಮಿನ್ ತೀರಾ ತಗ್ಗಿರುವುದನ್ನು ತೋರಿಸಿದರು. ಮರುವರ್ಷ ವಿಯೆನ್ನಾದಲ್ಲಿ ರೋಗಿಗಳಿಗೆ ಲೆವೊಡೋಪಾ ಚುಚ್ಚುಮದ್ದು ಕೊಟ್ಟು ನೋಡಲಾಯಿತು. 1967ರಲ್ಲಿ ಅಮೆರಿಕದಲ್ಲಿ ಜಾರ್ಜ್ ಕೊಟ್ಜಿಯಾಸ್ ಅದನ್ನು ಬಾಯಿ ಮೂಲಕ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಯಶಸ್ಸು ಕಂಡ ಮೇಲೆ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ಡೋಪಮಿನ್ನನ್ನೇ ಮಾತ್ರೆಯಾಗಿ ಕೊಡಲು ಬರುವುದಿಲ್ಲ, ಏಕೆಂದರೆ ರಕ್ತದಿಂದ ಮಿದುಳಿಗೆ ಹೋಗುವ ತಡೆಗೋಡೆಯನ್ನು ಅದು ದಾಟದು. ಅದರ ಪೂರ್ವರೂಪವಾದ ಲೆವೊಡೋಪಾ ದಾಟುತ್ತದೆ. ಆದರೆ ಅದೊಂದನ್ನೇ ಕೊಟ್ಟರೆ ಬಹುಪಾಲು ಕರುಳು, ಯಕೃತ್ತಿನಲ್ಲೇ ಡೋಪಮಿನ್ ಆಗಿ ಮಾರ್ಪಟ್ಟು ವಾಂತಿ ತರಿಸುತ್ತದೆ. ಈ ಮಾರ್ಪಾಡನ್ನು ಮಿದುಳಿನ ಹೊರಗೆ ತಡೆಯಲೆಂದೇ ಕಾರ್ಬಿಡೋಪಾ ಬೆರೆಸುತ್ತಾರೆ. ಅದು ಜೊತೆಗಿದ್ದರೆ ಬೇಕಾಗುವ ಲೆವೊಡೋಪಾ ಸುಮಾರು ಮುಕ್ಕಾಲು ಪಾಲು ಇಳಿಯುತ್ತದೆ.

ಲೆವೊಡೋಪಾದ ಜೊತೆಗೋ ಅದರ ಬದಲಿಗೋ ಬಳಸುವ ಔಷಧಗಳು ಇನ್ನೂ ಕೆಲವಿವೆ. ಪ್ರಮಿಪೆಕ್ಸೋಲ್, ರೋಪಿನಿರೋಲ್‌ಗಳು ಡೋಪಮಿನ್‌ನಂತೆಯೇ ನಟಿಸುತ್ತವೆ. ಸೆಲೆಜಿಲಿನ್, ರಸಾಜಿಲಿನ್, ಎಂಟಕಪೋನ್‌ಗಳು ಡೋಪಮಿನ್ ಅಥವಾ ಲೆವೊಡೋಪಾ ಬೇಗ ಕರಗಿಹೋಗದಂತೆ ನೋಡಿಕೊಳ್ಳುತ್ತವೆ. ಫ್ಲೂ ಜ್ವರಕ್ಕೆಂದು ಬಳಕೆಯಲ್ಲಿದ್ದು ಆಮೇಲೆ ಪಾರ್ಕಿನ್ಸನ್‌ಗೆ ಒದಗಿದ ಅಮಾಂಟಡಿನ್ ಒಂದು. ಎಲ್ಲಕ್ಕಿಂತ ಹಳೆಯದು ಟ್ರೈಹೆಕ್ಸಿಫೆನಿಡಿಲ್ ಸೇರಿರುವ ಆಂಟಿಕೊಲಿನರ್ಜಿಕ್ ಗುಂಪು.

ಕರುಳಿನಲ್ಲಿ ನಡೆಯುವ ಪೈಪೋಟಿ

ಲೆವೊಡೋಪಾ ರಾಸಾಯನಿಕವಾಗಿ ಒಂದು ಅಮೈನೋ ಆಮ್ಲ. ಊಟದ ಪ್ರೋಟೀನ್ ಜೀರ್ಣವಾದಾಗ ಸಿಗುವ ಲ್ಯೂಸಿನ್, ವ್ಯಾಲಿನ್, ಫಿನೈಲಲನಿನ್, ಟೈರೋಸಿನ್, ಟ್ರಿಪ್ಟೊಫ್ಯಾನ್‌ಗಳೂ ಅದೇ ಕುಲದವು. ಸಣ್ಣ ಕರುಳಿನ ಮೇಲ್ಭಾಗದ ಗೋಡೆಯಲ್ಲಿ ಇವುಗಳನ್ನು ಒಳಗೆ ಸಾಗಿಸುವ ವಾಹಕ ಪ್ರೋಟೀನ್‌ಗಳಿವೆ. ಮಿದುಳಿನ ತಡೆಗೋಡೆಯಲ್ಲೂ ಅಂಥವೇ ಇವೆ. ಹೊಟ್ಟೆತುಂಬ ಬೇಳೆ, ಮೊಟ್ಟೆ, ಮಾಂಸ ತಿಂದ ಹೊತ್ತಿನಲ್ಲಿ ಮಾತ್ರೆ ನುಂಗಿದರೆ ಎರಡು ಕಡೆಯೂ ಪೈಪೋಟಿ ಹತ್ತುತ್ತದೆ. ಅದರ ಮೇಲೆ, ಊಟ ತುಂಬಿದ ಜಠರ ಮಾತ್ರೆಯನ್ನು ಕರುಳಿಗೆ ನಿಧಾನವಾಗಿ ಇಳಿಸುತ್ತದೆ. ಪಾರ್ಕಿನ್ಸನ್‌ನಲ್ಲಿ ಜಠರ ಮೊದಲೇ ಮಂದ. ಕಾರ್ಬಿಡೋಪಾ ಜೊತೆಗಿದ್ದರೂ ರಕ್ತದಲ್ಲಿನ ಲೆವೊಡೋಪಾ ಸುಮಾರು ಒಂದೂವರೆ ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ, ಈ ತಡ ಒಂದು ಸುತ್ತಿನ ಮಾತ್ರೆಯನ್ನೇ ವ್ಯರ್ಥ ಮಾಡಬಲ್ಲದು.

ಕರ್ನಾಟಕದ ಮನೆಗಳಲ್ಲಿ ಇದು ಬೆಳಗಿನ ಹಾಲು ಕಾಫಿಯಿಂದಲೇ ಶುರುವಾಗುತ್ತದೆ. ಎದ್ದೊಡನೆ ಕಾಫಿ ಲೋಟ, ಅದರೊಂದಿಗೇ ಮಾತ್ರೆ, ಆಮೇಲೆ ಸಾಂಬಾರ್ ಹಾಕಿದ ಇಡ್ಲಿ. ಅರ್ಧ ಲೋಟ ಹಾಲಿನ ಪ್ರೋಟೀನ್ ಹೆಚ್ಚೇನಲ್ಲ. ಕಾಯಿಲೆಯ ಮೊದಲ ವರ್ಷಗಳಲ್ಲಿ ಅದರಿಂದ ತೊಂದರೆಯೂ ಕಾಣುವುದಿಲ್ಲ, ಉಳಿದಿರುವ ನರಕೋಶಗಳು ಡೋಪಮಿನ್ ಕೂಡಿಟ್ಟುಕೊಂಡು ಏರಿಳಿತವನ್ನು ಸರಿದೂಗಿಸುತ್ತವೆ. ವರ್ಷಗಳು ಕಳೆದು ಆ ಸಾಮರ್ಥ್ಯ ಹೋದ ಮೇಲೆ ರಕ್ತದ ಮಟ್ಟದಂತೆ ದೇಹವೂ ನಡೆಯುತ್ತದೆ. ಬೆಳಗಿನ ಮಾತ್ರೆ ಒಂದು ದಿನ ಅರ್ಧ ಗಂಟೆಗೆ ಹಿಡಿಯುತ್ತದೆ, ಇನ್ನೊಂದು ದಿನ ಹಿಡಿಯುವುದೇ ಇಲ್ಲ. ರೋಗಿಗಳು ಇದನ್ನು ‘ಆನ್’, ‘ಆಫ್’ ಎನ್ನುತ್ತಾರೆ. ಔಷಧ ಕೆಲಸ ಮಾಡುತ್ತಿಲ್ಲ ಎಂದು ಪ್ರಮಾಣ ಏರಿಸುವ ಮೊದಲು ಅದನ್ನು ಯಾವುದರ ಜೊತೆ ನುಂಗುತ್ತಿದ್ದಾರೆ ಎಂದು ಕೇಳಬೇಕು. ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದು ಗಂಟೆಯ ನಂತರ, ಒಂದು ಲೋಟ ನೀರಿನ ಜೊತೆ ಮಾತ್ರೆ ನುಂಗುವುದು ಸಾಮಾನ್ಯ ಸಲಹೆ. ಬರಿಹೊಟ್ಟೆಯಲ್ಲಿ ವಾಕರಿಕೆ ಬರುವವರು ಪ್ರೋಟೀನ್ ಕಡಿಮೆಯಿರುವ ಒಂದು ಬಾಳೆಹಣ್ಣನ್ನೋ ಹಿಡಿ ಮಂಡಕ್ಕಿಯನ್ನೋ ತಿನ್ನಬಹುದು.

1987ರಲ್ಲಿ ಅಮೆರಿಕದ ಸಂಶೋಧಕರಾದ ಪಿಂಕಸ್ ಮತ್ತು ಬ್ಯಾರಿ, ಹಗಲಿನಲ್ಲಿ ಪ್ರೋಟೀನನ್ನು 7 ಗ್ರಾಮಿಗೆ ಸೀಮಿತಗೊಳಿಸಿ ಉಳಿದದ್ದನ್ನು ರಾತ್ರಿಯೂಟಕ್ಕೆ ಸರಿಸುವ ಕ್ರಮವನ್ನು ಮುಂದಿಟ್ಟರು. ಏರಿಳಿತ ಜೋರಾಗಿದ್ದವರಲ್ಲಿ ಹಗಲಿನ ಚಲನೆ ಸುಧಾರಿಸಿತು. ಆದರೆ 200 ಮಿಲಿಲೀಟರ್ ಹಾಲಿನಲ್ಲೇ ಸುಮಾರು 6 ಗ್ರಾಮ್ ಪ್ರೋಟೀನ್ ಇದೆ. ಒಂದು ಮೊಟ್ಟೆಯಲ್ಲೂ ಅಷ್ಟೇ. 7 ಗ್ರಾಮಿನ ಮಿತಿಯೆಂದರೆ ಹಗಲೆಲ್ಲ ಹೆಚ್ಚುಕಡಿಮೆ ಅನ್ನ, ತರಕಾರಿ, ಹಣ್ಣಿನಲ್ಲೇ ಕಳೆಯಬೇಕು. ವೃದ್ಧರು ಇಷ್ಟು ಬಿಗಿಯಾಗಿ ಪಾಲಿಸಿದರೆ ರಾತ್ರಿ ಅಷ್ಟು ಪ್ರೋಟೀನ್ ತಿನ್ನಲಾಗದೆ ಒಟ್ಟು ಪ್ರಮಾಣವೇ ಕುಸಿಯುತ್ತದೆ, ಸ್ನಾಯು ಕರಗುತ್ತದೆ.

ಭಾರತೀಯ ವಯಸ್ಕರಿಗೆ ಐಸಿಎಂಆರ್ ಹೇಳುವ ಪ್ರಮಾಣ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಮ್. 55 ಕಿಲೋ ತೂಕದವರಿಗೆ ಸುಮಾರು 45 ಗ್ರಾಮ್ ಬೇಕು, ಮತ್ತು ವೃದ್ಧರಿಗೆ ಇದಕ್ಕಿಂತ ತುಸು ಹೆಚ್ಚೇ ಇರಲಿ ಎನ್ನುವ ಪೋಷಣಾ ತಜ್ಞರಿದ್ದಾರೆ. ಆದ್ದರಿಂದ ಪ್ರೋಟೀನ್ ಬಿಡುವುದು ಪರಿಹಾರವಲ್ಲ. ಬಹುಪಾಲು ಜನರಿಗೆ ಮಾತ್ರೆಯ ಹೊತ್ತನ್ನು ಊಟದಿಂದ ದೂರವಿಟ್ಟರೆ ಸಾಕು. ಅಷ್ಟರಿಂದಲೂ ಆಗದಿದ್ದಾಗ ಹುರುಳಿ, ಕಡಲೆ, ಮೊಸರು, ಮೀನು, ಮೊಟ್ಟೆಯಂಥವನ್ನು ಸಂಜೆಯ ಕಡೆಗೆ ಸರಿಸಿ, ಹಗಲಿಗೆ ಮುದ್ದೆ, ಅನ್ನ, ಸೊಪ್ಪು, ತರಕಾರಿ ಇಟ್ಟುಕೊಳ್ಳಬಹುದು. ಆಗಲೂ ತೂಕವನ್ನು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಕರುಳಿನ ಬ್ಯಾಕ್ಟೀರಿಯಾಗಳೂ ಈ ಔಷಧದಲ್ಲಿ ಪಾಲು ಕೇಳುತ್ತವೆ. ಎಂಟರೊಕಾಕಸ್ ಫೀಕ್ಯಾಲಿಸ್ ಎಂಬ ಬ್ಯಾಕ್ಟೀರಿಯಾ ತನ್ನದೇ ಕಿಣ್ವದಿಂದ ಲೆವೊಡೋಪಾವನ್ನು ಕರುಳಿನಲ್ಲೇ ಡೋಪಮಿನ್ ಮಾಡಿಬಿಡುತ್ತದೆ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಕಾರ್ಬಿಡೋಪಾ ಮನುಷ್ಯನ ಕಿಣ್ವವನ್ನು ತಡೆಯುವಷ್ಟು ಸಮರ್ಥವಾಗಿ ಈ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುವುದಿಲ್ಲ. ಒಂದೇ ಪ್ರಮಾಣದ ಮಾತ್ರೆ ಇಬ್ಬರಲ್ಲಿ ಬೇರೆ ಬೇರೆಯಾಗಿ ಕೆಲಸ ಮಾಡಲು ಇದೂ ಒಂದು ಕಾರಣವಿರಬಹುದು.

ಕಬ್ಬಿಣ ಮತ್ತು ಬಿ ಜೀವಸತ್ವಗಳು

ರಕ್ತಹೀನತೆಗೆಂದು ಕೊಡುವ ಕಬ್ಬಿಣದ ಮಾತ್ರೆಯನ್ನು ಲೆವೊಡೋಪಾದ ಜೊತೆಗೇ ನುಂಗಿದರೆ ಎರಡೂ ಕರುಳಿನಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ ನಡೆಸಿದ ಪ್ರಯೋಗಗಳಲ್ಲಿ ರಕ್ತಕ್ಕೆ ಸೇರುವ ಲೆವೊಡೋಪಾ ಇದರಿಂದ ಅರ್ಧದಷ್ಟು ತಗ್ಗಿದ್ದು ಕಂಡುಬಂದಿದೆ. ಕಬ್ಬಿಣ ಬೆರೆತ ಟಾನಿಕ್, ಮಲ್ಟಿವಿಟಮಿನ್ ಮಾತ್ರೆಗಳಿಗೂ ಇದು ಅನ್ವಯ. ಎರಡರ ನಡುವೆ ಕನಿಷ್ಠ ಎರಡು ಗಂಟೆಯ ಅಂತರ ಬೇಕು.

ಬಿ12 ಮತ್ತು ಫೋಲೇಟ್‌ಗಳ ವಿಚಾರ ಇದಕ್ಕಿಂತ ಆಳವಾದದ್ದು. ದೇಹ ಲೆವೊಡೋಪಾದ ಒಂದು ಪಾಲನ್ನು ಮೀಥೈಲ್ ಗುಂಪು ಜೋಡಿಸಿ ವಿಲೇವಾರಿ ಮಾಡುತ್ತದೆ. ಈ ಕೆಲಸದ ಉಪಉತ್ಪನ್ನವಾಗಿ ಹೋಮೊಸಿಸ್ಟೀನ್ ಎಂಬ ವಸ್ತು ಉಳಿಯುತ್ತದೆ. ಅದನ್ನು ಮರುಬಳಕೆ ಮಾಡಲು ಬಿ12 ಮತ್ತು ಫೋಲೇಟ್ ಬೇಕು, ಒಡೆದು ಹೊರಹಾಕಲು ಬಿ6 ಬೇಕು. ವರ್ಷಗಟ್ಟಲೆ ಲೆವೊಡೋಪಾ ತೆಗೆದುಕೊಳ್ಳುವವರಲ್ಲಿ ಹೋಮೊಸಿಸ್ಟೀನ್ ಏರುವುದು ಸಾಮಾನ್ಯ. ಬಿ12 ಕೊರತೆಯೂ ಸೇರಿದರೆ ಪಾದ ಜೋಮು ಹಿಡಿಯುವುದು, ಉರಿ, ನಡೆಯುವಾಗ ತೂರಾಟ ಕಾಣಿಸುತ್ತವೆ. ನೆನಪು ಮತ್ತು ಗಮನವೂ ಕುಗ್ಗಬಹುದು. ಇವೆಲ್ಲ ಪಾರ್ಕಿನ್ಸನ್‌ನ ಲಕ್ಷಣಗಳನ್ನೇ ಹೋಲುವುದರಿಂದ ಕೊರತೆ ಕಣ್ಣಿಗೆ ಬೀಳದೆ ಹೋಗುತ್ತದೆ.

ನಮ್ಮಲ್ಲಿ ಈ ಅಪಾಯ ಹೆಚ್ಚು. ಬಿ12 ಸಹಜವಾಗಿ ಸಿಗುವುದು ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ಗತಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್‌ಗೆಂದು ವರ್ಷಾನುಗಟ್ಟಲೆ ನುಂಗುವ ಪಾಂಟೊಪ್ರಜೋಲ್‌ಗಳು ಬಿ12 ಹೀರುವಿಕೆಯನ್ನು ಮತ್ತಷ್ಟು ತಗ್ಗಿಸುತ್ತವೆ. ಲೆವೊಡೋಪಾ ಮೇಲಿರುವ ವೃದ್ಧರ ಬಿ12 ಮಟ್ಟವನ್ನು ಕಾಲಕಾಲಕ್ಕೆ ಪರೀಕ್ಷಿಸುವುದು ಕಡಿಮೆ ಖರ್ಚಿನಲ್ಲಿ ದೊಡ್ಡ ಲಾಭ ಕೊಡುವ ಕ್ರಮ.

ಬಿ6ರ ಬಗ್ಗೆ ಹಳೆಯ ಎಚ್ಚರಿಕೆಯೊಂದಿದೆ. ಲೆವೊಡೋಪಾವನ್ನು ಡೋಪಮಿನ್ ಮಾಡುವ ಕಿಣ್ವಕ್ಕೆ ಬಿ6 ನೆರವಾಗುವುದರಿಂದ, ಕಾರ್ಬಿಡೋಪಾ ಇಲ್ಲದ ಕಾಲದಲ್ಲಿ ಅದು ಔಷಧದ ಗುಣವನ್ನು ಹಾಳುಮಾಡುತ್ತಿತ್ತು. ಕಾರ್ಬಿಡೋಪಾ ಬಂದ ಮೇಲೆ ಆ ಭಯ ಹೋಯಿತು. ಈಗ ತೊಂದರೆ ಉಲ್ಟಾ: ಕಾರ್ಬಿಡೋಪಾ ಬಿ6ರ ಸಕ್ರಿಯ ರೂಪಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುವುದರಿಂದ, ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಬಿ6 ಕೊರತೆ ತಲೆದೋರಬಹುದು.

ವಾಕರಿಕೆ, ಮಲಬದ್ಧತೆ, ತೂಕ

ಚಿಕಿತ್ಸೆಯ ಆರಂಭದಲ್ಲಿ ವಾಕರಿಕೆ ಸಾಮಾನ್ಯ. ಇದರಲ್ಲಿ ಮಾತ್ರೆಯ ಲೆಕ್ಕಕ್ಕೂ ಪಾತ್ರವಿದೆ. ಮಿದುಳಿನ ಹೊರಗಿನ ಕಿಣ್ವವನ್ನು ಪೂರ್ತಿ ತಡೆಯಲು ದಿನಕ್ಕೆ ಸುಮಾರು 70ರಿಂದ 100 ಮಿಲಿಗ್ರಾಮ್ ಕಾರ್ಬಿಡೋಪಾ ಬೇಕು. ಭಾರತದಲ್ಲಿ ‘110’ ಎಂದು ಕರೆಯುವ ಮಾತ್ರೆಯಲ್ಲಿ 100 ಮಿಲಿಗ್ರಾಮ್ ಲೆವೊಡೋಪಾಕ್ಕೆ 10 ಮಿಲಿಗ್ರಾಮ್ ಕಾರ್ಬಿಡೋಪಾ ಇರುತ್ತದೆ. ‘125’ರಲ್ಲಿ 25 ಮಿಲಿಗ್ರಾಮ್. ದಿನಕ್ಕೆ ಮೂರು ಬಾರಿ ‘110’ ತೆಗೆದುಕೊಳ್ಳುವವರಿಗೆ ಸಿಗುವುದು 30 ಮಿಲಿಗ್ರಾಮ್ ಮಾತ್ರ. ಅಂಥವರಿಗೆ ಹೊಟ್ಟೆ ತೊಳಸಿದರೆ ‘125’ಕ್ಕೆ ಬದಲಿಸುವುದೇ ಪರಿಹಾರವಾಗಬಹುದು.

ವಾಕರಿಕೆಗೆ ಯಾವ ಮಾತ್ರೆ ಎಂಬುದು ಮುಖ್ಯ. ಮೆಟಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಮಿದುಳಿನೊಳಗೂ ಡೋಪಮಿನ್ನನ್ನು ತಡೆದು ಪಾರ್ಕಿನ್ಸನ್ನನ್ನು ಹೆಚ್ಚಿಸುತ್ತವೆ. ತಲೆಸುತ್ತಿಗೆಂದು ಸುಲಭವಾಗಿ ಸಿಗುವ ಸಿನ್ನಾರಿಜಿನ್, ಗ್ಯಾಸ್ಟ್ರಿಕ್ ಮಾತ್ರೆಗಳಲ್ಲಿ ಬೆರೆತು ಬರುವ ಲೆವೊಸಲ್ಪಿರೈಡ್‌ಗಳೂ ಹಾಗೆಯೇ. ಕಾಯಿಲೆ ಇಲ್ಲದ ವೃದ್ಧರಲ್ಲೂ ಇವು ಪಾರ್ಕಿನ್ಸನ್ ಲಕ್ಷಣಗಳನ್ನು ತರಬಲ್ಲವು. ಹೆಚ್ಚಾಗಿ ಮಿದುಳಿನ ಹೊರಗೇ ಉಳಿಯುವ ಡೊಂಪೆರಿಡೋನ್ ಸಾಮಾನ್ಯವಾಗಿ ಆಯ್ಕೆಯಾಗುತ್ತದೆ, ಆದರೆ ಅದು ಹೃದಯದ ಲಯವನ್ನು ಕೆಡಿಸಬಹುದಾದ್ದರಿಂದ ವೃದ್ಧರಿಗೆ ಸಣ್ಣ ಪ್ರಮಾಣದಲ್ಲಿ, ಸ್ವಲ್ಪ ಕಾಲಕ್ಕಷ್ಟೇ ಕೊಡುತ್ತಾರೆ.

ಮಲಬದ್ಧತೆ ನಡುಕಕ್ಕಿಂತ ಎಷ್ಟೋ ವರ್ಷ ಮೊದಲೇ ಕಾಣಿಸಿಕೊಳ್ಳುವ ಲಕ್ಷಣ. ಆಂಟಿಕೊಲಿನರ್ಜಿಕ್ ಔಷಧಗಳು ಅದನ್ನು ಬಿಗಡಾಯಿಸುತ್ತವೆ, ಬಾಯಿಯನ್ನೂ ಒಣಗಿಸುತ್ತವೆ. ಬಾಯಿ ಒಣಗಿದರೆ ಮುದ್ದೆ ಜಾರದು, ಚಪಾತಿ ಇಳಿಯದು, ಊಟ ಅರ್ಧಕ್ಕೇ ನಿಲ್ಲುತ್ತದೆ. ವಾಸನೆ ಗ್ರಹಿಕೆ ಕುಂದಿರುವುದರಿಂದ ಒಗ್ಗರಣೆಯ ಘಮವೂ ಹಸಿವು ಹುಟ್ಟಿಸುವುದಿಲ್ಲ.

ತೂಕದ ಮೇಲೆ ಔಷಧಗಳ ಪರಿಣಾಮ ಎರಡು ದಿಕ್ಕಿನದು. ಲೆವೊಡೋಪಾ ದೀರ್ಘಕಾಲ ಬಳಸಿದವರಲ್ಲಿ ಕೈಕಾಲು, ಮುಂಡ ತಮ್ಮಷ್ಟಕ್ಕೇ ತೊನೆಯುವ ಡಿಸ್ಕೈನೀಸಿಯಾ ಬಂದರೆ ಶಕ್ತಿಯ ಖರ್ಚು ಏರಿ ತೂಕ ಇಳಿಯುತ್ತದೆ. ತೂಕ ಇಳಿದಾಗ ಅದೇ ಮಾತ್ರೆ ಕಿಲೋವೊಂದರ ಲೆಕ್ಕದಲ್ಲಿ ಹೆಚ್ಚಾಗಿ, ತೊನೆದಾಟವನ್ನು ಮತ್ತೂ ಏರಿಸಬಹುದು. ಪ್ರಮಿಪೆಕ್ಸೋಲ್‌ನಂಥವು ಕೆಲವರಲ್ಲಿ ತಡೆಯಿಲ್ಲದ ತಿನ್ನುವ ಚಟ ಹತ್ತಿಸಿ ತೂಕ ಏರಿಸುತ್ತವೆ.

ಬುದ್ಧಿಯ ಮೇಲೆ: ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ

ಪಾರ್ಕಿನ್ಸನ್‌ನಲ್ಲಿ ಡೋಪಮಿನ್ ಎಲ್ಲ ಕಡೆ ಒಂದೇ ಸಮ ತಗ್ಗುವುದಿಲ್ಲ. ಸ್ಟ್ರಯೇಟಮ್‌ನ ಮೇಲ್ಭಾಗ ಮೊದಲು ಬರಿದಾಗುತ್ತದೆ; ಚಲನೆ, ಕೆಲಸದಿಂದ ಕೆಲಸಕ್ಕೆ ಮನಸ್ಸು ಬದಲಿಸುವುದು, ನಾಲ್ಕಾರು ವಿಷಯಗಳನ್ನು ತಲೆಯಲ್ಲಿಟ್ಟುಕೊಂಡು ಯೋಜಿಸುವುದು ಅದರ ಪಾಲು. ಆಸೆ, ಬಹುಮಾನ, ಸೋಲು-ಗೆಲುವಿನ ಕಲಿಕೆಗೆ ಸಂಬಂಧಿಸಿದ ಕೆಳಭಾಗ ಮೊದಲ ವರ್ಷಗಳಲ್ಲಿ ಬಹುಮಟ್ಟಿಗೆ ಹಾಗೇ ಇರುತ್ತದೆ. ಒಣಗಿದ ಮೇಲಿನ ಗದ್ದೆಗೆಂದು ತೂಬು ಎತ್ತಿದಾಗ ಮೊದಲೇ ತುಂಬಿದ್ದ ಕೆಳಗಿನ ಗದ್ದೆ ಕೊಚ್ಚಿಹೋಗುವಂತೆ, ಚಲನೆಗೆ ಬೇಕಾದಷ್ಟು ಡೋಪಮಿನ್ ಕೊಟ್ಟಾಗ ಕೆಳಭಾಗಕ್ಕೆ ಅತಿಯಾಗುತ್ತದೆ. 1988ರಲ್ಲಿ ಗೋಥಮ್, ಬ್ರೌನ್ ಮತ್ತು ಮಾರ್ಸ್‌ಡೆನ್ ಸೂಚಿಸಿದ, ಆಮೇಲೆ ರೊಶಾನ್ ಕೂಲ್ಸ್ ಮೊದಲಾದವರು ಬೆಳೆಸಿದ ಈ ವಿವರಣೆಗೆ ‘ಡೋಪಮಿನ್ ಅತಿಪ್ರಮಾಣ’ ಸಿದ್ಧಾಂತ ಎಂದು ಹೆಸರು.

2004ರಲ್ಲಿ ಮೈಕೆಲ್ ಫ್ರ್ಯಾಂಕ್ ಮತ್ತು ಸಂಗಡಿಗರು ಇದನ್ನು ಸರಳ ಆಟವೊಂದರಿಂದ ಪರೀಕ್ಷಿಸಿದರು. ಪರದೆಯ ಮೇಲೆ ಪರಿಚಯವಿಲ್ಲದ ಜಪಾನಿ ಅಕ್ಷರಗಳು ಜೋಡಿಜೋಡಿಯಾಗಿ ಬರುತ್ತವೆ. ಪ್ರತಿ ಸಲ ಒಂದನ್ನು ಆರಿಸಬೇಕು. ಒಂದು ಜೋಡಿಯಲ್ಲಿ ಮೊದಲ ಅಕ್ಷರ ನೂರಕ್ಕೆ 80 ಬಾರಿ ‘ಸರಿ’, ಇನ್ನೊಂದು 20 ಬಾರಿ ಮಾತ್ರ ‘ಸರಿ’. ಆಡುತ್ತಾ ಆಡುತ್ತಾ ಒಳ್ಳೆಯದನ್ನು ಆರಿಸಲು, ಕೆಟ್ಟದ್ದನ್ನು ಬಿಡಲು ಕಲಿಯುತ್ತಾರೆ. ಮಾತ್ರೆ ತೆಗೆದುಕೊಂಡಿದ್ದ ಪಾರ್ಕಿನ್ಸನ್ ರೋಗಿಗಳು ಗೆಲ್ಲಿಸುವ ಅಕ್ಷರವನ್ನು ಚೆನ್ನಾಗಿ ಕಲಿತರು, ಸೋಲಿಸುವ ಅಕ್ಷರವನ್ನು ಬಿಡುವುದರಲ್ಲಿ ಹಿಂದೆ ಬಿದ್ದರು. ಮಾತ್ರೆ ತೆಗೆದುಕೊಳ್ಳದೆ ಬಂದವರಲ್ಲಿ ಇದು ತಿರುಗುಮುರುಗಾಯಿತು. ಔಷಧ ಬುದ್ಧಿಯನ್ನು ಒಟ್ಟಾರೆ ಚುರುಕುಗೊಳಿಸಿತು ಎಂದೋ ಮಂಕಾಗಿಸಿತು ಎಂದೋ ಇದರಿಂದ ಹೇಳಲಾಗದು. ಅದು ಸೋಲಿನಿಂದ ಕಲಿಯುವ ಶಕ್ತಿಯನ್ನು ತಗ್ಗಿಸಿ, ಗೆಲುವಿನ ಕಡೆಗೆ ಮನಸ್ಸನ್ನು ವಾಲಿಸಿತು.

ಈ ವಾಲುವಿಕೆ ಅತಿಯಾದಾಗ ಹತೋಟಿ ತಪ್ಪಿದ ನಡವಳಿಕೆ ಕಾಣುತ್ತದೆ. 2010ರಲ್ಲಿ ಪ್ರಕಟವಾದ, 3,090 ರೋಗಿಗಳನ್ನೊಳಗೊಂಡ ಡೊಮಿನಿಯನ್ ಅಧ್ಯಯನದಲ್ಲಿ ಡೋಪಮಿನ್‌ನಂತೆ ನಟಿಸುವ ಔಷಧ ತೆಗೆದುಕೊಳ್ಳುತ್ತಿದ್ದವರಲ್ಲಿ ಶೇ. 17.1, ತೆಗೆದುಕೊಳ್ಳದವರಲ್ಲಿ ಶೇ. 6.9 ಮಂದಿಗೆ ಜೂಜು, ಮಿತಿಮೀರಿದ ಖರೀದಿ, ಲೈಂಗಿಕ ಒತ್ತಡ, ವಿಪರೀತ ತಿನ್ನುವಿಕೆಗಳಲ್ಲಿ ಒಂದಾದರೂ ಇತ್ತು. ಎಂದೂ ಇಸ್ಪೀಟು ಮುಟ್ಟದವರು ಮೊಬೈಲಿನಲ್ಲಿ ರಮ್ಮಿ ಆಡತೊಡಗುವುದು, ರಾತ್ರಿ ಎದ್ದು ಸಿಹಿ ಡಬ್ಬಿ ಖಾಲಿ ಮಾಡುವುದು, ರೇಡಿಯೊವನ್ನು ಬಿಚ್ಚಿ ಜೋಡಿಸಿ ಮತ್ತೆ ಬಿಚ್ಚುತ್ತಾ ಕೂರುವುದು ಇದರ ರೂಪಗಳು. ನಾಚಿಕೆಯಿಂದ ಯಾರೂ ಹೇಳಿಕೊಳ್ಳುವುದಿಲ್ಲವಾದ್ದರಿಂದ ವೈದ್ಯರೇ ಕೇಳಬೇಕು. ವ್ಯಕ್ತಿಯ ಗುಣ ಕೆಟ್ಟಿತೆಂದು ಮನೆಯಲ್ಲಿ ಜಗಳಕ್ಕಿಳಿಯುವ ಮೊದಲು ಮಾತ್ರೆಯನ್ನು ಅನುಮಾನಿಸಬೇಕು. ಅದನ್ನು ನಿಧಾನವಾಗಿ ಇಳಿಸಿದರೆ ಹೆಚ್ಚಿನವರು ಮೊದಲಿನಂತಾಗುತ್ತಾರೆ.

ಇದೇ ಗುಂಪಿನ ಔಷಧಗಳು ಹಗಲಲ್ಲಿ ಏಕಾಏಕಿ ನಿದ್ದೆ ತರಿಸುತ್ತವೆ. ವಾಹನ ಓಡಿಸುವವರಿಗೆ ಇದು ಪ್ರಾಣಾಪಾಯ.

ಇಲ್ಲದ್ದು ಕಾಣುವುದು

ಎಪ್ಪತ್ತು ದಾಟಿದವರಲ್ಲಿ ಔಷಧದ ಪ್ರಮಾಣ ಏರಿದಂತೆ ಭ್ರಮೆಗಳು ಕಾಣಿಸಿಕೊಳ್ಳಬಹುದು. ಪಕ್ಕದಲ್ಲಿ ಯಾರೋ ನಿಂತಂತೆ ಅನಿಸುವುದು, ಕಣ್ಣಂಚಿನಲ್ಲಿ ಬೆಕ್ಕೊಂದು ಹಾದಂತಾಗುವುದು ಮೊದಲ ಹಂತ. ಬಳಿಕ ಸ್ಪಷ್ಟ ಆಕೃತಿಗಳು ಬರುತ್ತವೆ: ಮಂಚದ ಬಳಿ ಮಕ್ಕಳು, ಹಜಾರದಲ್ಲಿ ಅಪರಿಚಿತರು. ಶುರುವಿನಲ್ಲಿ ಅದು ನಿಜವಲ್ಲವೆಂದು ರೋಗಿಗೇ ಗೊತ್ತಿರುತ್ತದೆ. ಆ ಅರಿವು ಹೋದಾಗ ಸಂಶಯ, ಕೋಪ, ಹೆದರಿಕೆ ಸೇರಿಕೊಳ್ಳುತ್ತವೆ.

ಭ್ರಮೆ ದಿಢೀರನೆ ಶುರುವಾದರೆ ಮೊದಲು ಮೂತ್ರದ ಸೋಂಕು, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಇಳಿಕೆ, ಮಲಬದ್ಧತೆಗಳನ್ನು ಹುಡುಕುತ್ತಾರೆ. ನಂತರ ಔಷಧಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಅದಕ್ಕೊಂದು ಕ್ರಮವಿದೆ: ಮೊದಲು ಆಂಟಿಕೊಲಿನರ್ಜಿಕ್, ಆಮೇಲೆ ಅಮಾಂಟಡಿನ್, ಸೆಲೆಜಿಲಿನ್‌ನಂಥವು, ಅನಂತರ ಪ್ರಮಿಪೆಕ್ಸೋಲ್ ಗುಂಪು, ಎಂಟಕಪೋನ್, ಕೊನೆಗೆ ಲೆವೊಡೋಪಾ. ಅದಾದ ಮೇಲೂ ಭ್ರಮೆ ಉಳಿದರೆ ಕ್ವೆಟಿಯಪಿನ್ ಅಥವಾ ಕ್ಲೋಜಪಿನ್ ಕೊಡುತ್ತಾರೆ. ಹ್ಯಾಲೊಪೆರಿಡಾಲ್ ಕೊಟ್ಟರೆ ರೋಗಿ ಹಾಸಿಗೆಯಲ್ಲೇ ಮರಗಟ್ಟಬಹುದು.

ನೆನಪಿಗೆ ಮುಳುವಾಗುವ ಹಳೆಯ ಮಾತ್ರೆ

ವೃದ್ಧರ ಬುದ್ಧಿಗೆ ಅತ್ಯಂತ ಸ್ಪಷ್ಟವಾಗಿ ಕೆಡುಕು ಮಾಡುವುದು ಆಂಟಿಕೊಲಿನರ್ಜಿಕ್ ಗುಂಪು. ನೆನಪು ಮತ್ತು ಗಮನಕ್ಕೆ ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕ ಬೇಕು. ಪಾರ್ಕಿನ್ಸನ್‌ನಲ್ಲಿ ಅದೂ ಕುಗ್ಗಿರುತ್ತದೆ. ಟ್ರೈಹೆಕ್ಸಿಫೆನಿಡಿಲ್ ಉಳಿದಷ್ಟನ್ನೂ ತಡೆಯುತ್ತದೆ. 2003ರಲ್ಲಿ ಬ್ರಿಟನ್ನಿನ ಇಲೇನ್ ಪೆರಿ ಮತ್ತು ಸಂಗಡಿಗರು, ಇಂಥ ಔಷಧಗಳನ್ನು ದೀರ್ಘಕಾಲ ತೆಗೆದುಕೊಂಡಿದ್ದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಆಲ್ಜೈಮರ್ ಬಗೆಯ ಅಮೈಲಾಯ್ಡ್ ಕಲೆಗಳ ಸಾಂದ್ರತೆ ಎರಡೂವರೆ ಪಟ್ಟಿಗಿಂತ ಹೆಚ್ಚಿದ್ದುದನ್ನು ವರದಿ ಮಾಡಿದರು. ನಡುಕಕ್ಕೆ ಚೆನ್ನಾಗಿ ಕೆಲಸ ಮಾಡುವ, ಅಗ್ಗವಾಗಿಯೂ ಸಿಗುವ ಈ ಮಾತ್ರೆಯನ್ನು ವೃದ್ಧರಿಗೆ ಕೊಡದಿರುವುದೇ ಒಳ್ಳೆಯದೆಂಬುದು ಈಗಿನ ನಿಲುವು. ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೋವು-ನಿದ್ದೆಗೆಂದು ಕೊಡುವ ಅಮಿಟ್ರಿಪ್ಟಿಲಿನ್, ಶೀತಕ್ಕೆ ಕೊಡುವ ಹಳೆಯ ಅಲರ್ಜಿ ಮಾತ್ರೆಗಳಿಗೂ ಇದೇ ಗುಣವಿದೆ. ಎರಡು ಮೂರು ಸೇರಿದರೆ ಮರೆವು ಇದ್ದಕ್ಕಿದ್ದಂತೆ ಬಲಿತಂತೆ ಕಾಣುತ್ತದೆ.

ಎಲ್ಲ ಮರೆವಿಗೂ ಮಾತ್ರೆಯೇ ಕಾರಣವಲ್ಲ. ಸಿಡ್ನಿಯಲ್ಲಿ ರೋಗಿಗಳನ್ನು 20 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಅಷ್ಟು ಕಾಲ ಬದುಕುಳಿದವರ ಪೈಕಿ ಶೇ. 83 ಮಂದಿಗೆ ಮರೆಗುಳಿತನ ಬಂದಿತ್ತು. ಅದು ರೋಗದ್ದೇ ಬೆಳವಣಿಗೆ. ಅದಕ್ಕೆ ಕೊಡುವ ರಿವಾಸ್ಟಿಗ್ಮಿನ್ ನೆನಪಿಗೆ ಸಾಧಾರಣ ಮಟ್ಟದ ನೆರವು ನೀಡುತ್ತದೆ, ಹೊಟ್ಟೆಗೆ ತೊಂದರೆ ಕೊಡುತ್ತದೆ. 2004ರ ದೊಡ್ಡ ಪರೀಕ್ಷೆಯಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಸುಮಾರು ಶೇ. 17, ಹುಸಿಮಾತ್ರೆ ತೆಗೆದುಕೊಂಡವರಲ್ಲಿ ಶೇ. 2 ಮಂದಿಗೆ ವಾಂತಿಯಾಯಿತು. ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲಿ ಈ ತೊಂದರೆ ಕಡಿಮೆ.

ಊಟ, ರಕ್ತದೊತ್ತಡ, ಮಂಪರು

ಪಾರ್ಕಿನ್ಸನ್ ಕಾಯಿಲೆಯೂ ಅದರ ಔಷಧಗಳೂ ಎದ್ದು ನಿಂತಾಗ ರಕ್ತದೊತ್ತಡವನ್ನು ಕುಸಿಯುವಂತೆ ಮಾಡುತ್ತವೆ. ಭಾರಿ ಊಟವಾದ ಮೇಲೆ ರಕ್ತ ಕರುಳಿನತ್ತ ಹರಿಯುವುದರಿಂದ ಇನ್ನಷ್ಟು ಇಳಿಯುತ್ತದೆ. ಮಧ್ಯಾಹ್ನ ಅನ್ನದ ಊಟವಾಗಿ ಅರ್ಧ ಗಂಟೆಗೆ ಮಂಕು ಕವಿದು ಮಾತು ತಡವರಿಸುವ ವೃದ್ಧರಲ್ಲಿ ಕೂತಾಗ, ನಿಂತಾಗ ಎರಡೂ ಸಲ ಬಿಪಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಊಟವನ್ನು ಸಣ್ಣ ಸಣ್ಣ ಪಾಲು ಮಾಡುವುದು, ನೀರು ಹೆಚ್ಚು ಕುಡಿಯುವುದು, ಹಳೆಯ ಬಿಪಿ ಮಾತ್ರೆ ಈಗಲೂ ಬೇಕೇ ಎಂದು ವೈದ್ಯರನ್ನು ಕೇಳುವುದು ಇದಕ್ಕೆ ದಾರಿ.

ನಸುಗುನ್ನಿ ಬೀಜ

ಆಯುರ್ವೇದ ಕಂಪವಾತಕ್ಕೆ ಹೇಳುವ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದನ್ನು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಕಂಡುಹಿಡಿದರು. ಅದು ‘ಸೊಪ್ಪುಸದೆಯ ಪುಡಿ, ಅಡ್ಡಪರಿಣಾಮವಿಲ್ಲ’ ಎಂಬ ಭಾವನೆ ತಪ್ಪು. ಬೀಜದ ತೂಕದ ಶೇ. 4ರಿಂದ 6ರವರೆಗೆ ಲೆವೊಡೋಪಾ ಇರಬಹುದು, ತಳಿಯಿಂದ ತಳಿಗೆ ಪ್ರಮಾಣ ಬದಲಾಗುತ್ತದೆ. ಮಾತ್ರೆಯ ಜೊತೆಗೆ ಲೆಕ್ಕವಿಲ್ಲದೆ ಪುಡಿ ತಿಂದರೆ ಭ್ರಮೆ, ವಾಂತಿ, ರಕ್ತದೊತ್ತಡದ ಕುಸಿತ ಬರುತ್ತವೆ. ಯಾವುದರಿಂದ ಬಂತೆಂದು ವೈದ್ಯರಿಗೆ ತಿಳಿಯುವುದಿಲ್ಲ. ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು.

ಮನೆಯವರು ಮಾಡಬಹುದಾದದ್ದು

ಪಾರ್ಕಿನ್ಸನ್ ಇರುವ ವೃದ್ಧರ ಮನೆಯಲ್ಲಿ ಒಂದು ನೋಟ್‌ಬುಕ್ ಸಾಕು. ಮಾತ್ರೆ ನುಂಗಿದ ಹೊತ್ತು, ಊಟದ ಹೊತ್ತು, ಮಾತ್ರೆ ಹಿಡಿದ ಮತ್ತು ಇಳಿದ ಹೊತ್ತು, ತಿಂಗಳ ತೂಕ, ಮಲವಿಸರ್ಜನೆ, ಭ್ರಮೆ ಅಥವಾ ವಿಚಿತ್ರ ನಡವಳಿಕೆ ಕಂಡ ದಿನ ಇವಿಷ್ಟನ್ನು ಬರೆದು, ಬೇರೆ ವೈದ್ಯರು ಬರೆದ ಚೀಟಿಗಳ ಜೊತೆ ನರತಜ್ಞರ ಮುಂದಿಡಬೇಕು. ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಕೇಳಬೇಕು. ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ನುಂಗಲಾಗದೆಂದು ಪುಡಿಮಾಡಬಾರದು. ದ್ರವ ಅಥವಾ ಕರಗುವ ರೂಪ ಸಿಗುತ್ತದೆಯೇ ಎಂದು ವಿಚಾರಿಸಬೇಕು.

ಭ್ರಮೆ ಬಂದಿತೆಂದೋ ಹಸಿವು ಹೋಯಿತೆಂದೋ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಲೆವೊಡೋಪಾ ಥಟ್ಟನೆ ನಿಂತರೆ ವಿಪರೀತ ಜ್ವರ, ಸ್ನಾಯು ಬಿಗಿತ, ಪ್ರಜ್ಞಾಹೀನತೆ ಬಂದು ಜೀವಕ್ಕೇ ಕುತ್ತಾಗಬಹುದು. ಬದಲಾವಣೆ ಬೇಕಾದಾಗ ವೈದ್ಯರ ಮೂಲಕ, ಒಂದೊಂದೇ ಮಾತ್ರೆಯಂತೆ, ದಿನಗಳ ಅಂತರದಲ್ಲಿ ಆಗಲಿ.